ಬಂದಾಗ ನೋಡೋಣ: ಒಂದು ಜೊತೆ ಶೆಲ್ಲಿನ ವೃತ್ತಾಂತ

ನಮ್ಮ ಕರಾವಳಿಯ ಹಳ್ಳಿಮನೆಗಳಲ್ಲಿ ಟಾರ್ಚಿಗೇ ‘ಬ್ಯಾಟರಿ’ ಎನ್ನುತ್ತಾರೆ. ಅದರೊಳಗೆ ತುಂಬುವುದಕ್ಕೆ ‘ಶೆಲ್ಲು’ ಎನ್ನುತ್ತಾರೆ. ಶಾಲೆಯ ವಿಜ್ಞಾನದ ಪುಸ್ತಕದಲ್ಲಿ ಅದೇ ವಸ್ತುವಿಗೆ ‘ಶುಷ್ಕಕೋಶ’ವೆಂಬ ಗಂಭೀರವಾದ ಹೆಸರಿತ್ತು. ಪರೀಕ್ಷೆ ಮುಗಿದ ಮರುದಿನವೇ ಆ ಹೆಸರನ್ನು ನಾನು ಮರೆತೆ. ಉಡುಪಿಯಲ್ಲಿ ಕನ್ನಡ, ಇತಿಹಾಸ, ಅರ್ಥಶಾಸ್ತ್ರಗಳನ್ನು ಓದಿ ಬಿ.ಎ. ಮುಗಿಸಿ, 1993ರಲ್ಲಿ ಮದುವೆಯಾಗಿ ಬಹರೈನಿಗೆ ಬಂದ ಗೃಹಿಣಿಗೆ ಶುಷ್ಕಕೋಶದಿಂದ ಆಗಬೇಕಾದುದಾದರೂ ಏನಿತ್ತು?

ಈ ಸ್ಮರಣ ಸಂಚಿಕೆಯಲ್ಲಿ ನಾಡು, ನುಡಿ, ಸಂಸ್ಕೃತಿಗಳ ಕುರಿತು ಬಲ್ಲವರು ಬರೆಯುತ್ತಾರೆ. ನಾನು ಬರೆಯಹೊರಟಿರುವುದು ಅಡುಗೆಮನೆಯ ಖಾನೆಯಲ್ಲಿ ಕತ್ತರಿ, ದಾರ, ಹಳೆಯ ಬೀಗದ ಕೈಗಳ ನಡುವೆ ಉರುಳಾಡುತ್ತಿರುವ ಆ ಪುಟ್ಟ ಶೆಲ್ಲಿನ ಬಗ್ಗೆ. ಗಡಿಯಾರಕ್ಕೆ ಯಾವುದು, ಟಾರ್ಚಿಗೆ ಯಾವುದು, ಎಲ್ಲಿ ಸಾಮಾನ್ಯ ಅಲ್ಕಲೈನ್ ಸಾಕು, ಎಲ್ಲಿ ಲಿಥಿಯಂ ಬೇಕು ಎಂಬುದೇ ವಿಷಯ. ಕ್ಷುಲ್ಲಕವೆಂದು ಪುಟ ತಿರುವಬೇಡಿರೆಂದು ಪ್ರತಿನಿಧಿ ಬಂಧುಗಳಲ್ಲಿ ವಿನಂತಿ. ಎರಡು ಶೆಲ್ಲುಗಳ ಬೆಲೆಯೇನೆಂಬುದನ್ನು ನಮ್ಮ ಮನೆಯವರು ಕಲಿತದ್ದು ಬಹಳ ಕಷ್ಟದಿಂದ.

ಕತ್ತಲಾದ ದ್ವೀಪ

2004ರ ಆಗಸ್ಟ್ 23, ಸೋಮವಾರ. ಆಗ ಬಹರೈನಿನಲ್ಲಿದ್ದವರು ಯಾರೂ ಆ ದಿನವನ್ನು ಮರೆತಿರಲಾರರು. ಬೆಳಗಿನ ಹೊತ್ತಿನಲ್ಲಿ ಇಡೀ ದೇಶದ ವಿದ್ಯುತ್ತು ಒಮ್ಮೆಲೇ ನಿಂತುಹೋಯಿತು. ಆಗಸ್ಟ್ ತಿಂಗಳ ಬಿಸಿಲು, ಅದರ ಮೇಲೆ ಸಮುದ್ರದ ತೇವ. ತಂಪುಯಂತ್ರವಿಲ್ಲದ ಮನೆಯೆಂದರೆ ಮುಚ್ಚಳ ಹಾಕಿದ ಇಡ್ಲಿಪಾತ್ರೆಯೇ ಸರಿ. ನಾವು ಆಗ ಗುದೈಬಿಯಾದ ಹಳೆಯ ಕಟ್ಟಡವೊಂದರ ನಾಲ್ಕನೆಯ ಮಹಡಿಯಲ್ಲಿದ್ದೆವು. ನನ್ನವರು ಕೆಲಸಕ್ಕೆ ಹೋಗಿದ್ದರು. ಮಕ್ಕಳಿಬ್ಬರನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತ ಹಗಲನ್ನು ಹೇಗೋ ಕಳೆದೆ. ಸಂಜೆಯಾಗುತ್ತಿದ್ದಂತೆ ಟಾರ್ಚು ಹುಡುಕಿದೆ. ಸಿಕ್ಕಿತು, ಆದರೆ ಹೊತ್ತಲಿಲ್ಲ.

ಖಾನೆಯಲ್ಲಿ ನಾಲ್ಕು ಶೆಲ್ಲುಗಳಿದ್ದವು. ಅವುಗಳಲ್ಲಿ ಎರಡರ ತುದಿಯಲ್ಲಿ ಬಿಳಿಯ ಪುಡಿ ಮೆತ್ತಿಕೊಂಡಿತ್ತು. ಕೆಳಗಿನ ಕೋಲ್ಡ್ ಸ್ಟೋರಿಗೆ ಇಳಿದು ಹೋದರೆ ಮೇಣದಬತ್ತಿಯೂ ಶೆಲ್ಲೂ ಮಧ್ಯಾಹ್ನವೇ ಮುಗಿದಿದ್ದವು. ನಮ್ಮ ಊರಿನ ಗೂಡಂಗಡಿಗೆ ಇಲ್ಲಿ ಕೋಲ್ಡ್ ಸ್ಟೋರ್ ಎಂಬ ಹೆಸರು; ಆ ದಿನ ಆ ಹೆಸರೇ ಅಣಕದಂತೆ ಕೇಳಿಸಿತು. ಕೊನೆಗೆ ಟಿ.ವಿ. ರಿಮೋಟಿನಿಂದ ಎರಡು ಶೆಲ್ಲು ಕಿತ್ತು ಟಾರ್ಚಿಗೆ ತುಂಬಿದೆ. ಕತ್ತಲೆಯ ಮೆಟ್ಟಿಲಿನಲ್ಲಿ ಪಕ್ಕದ ಮನೆಯ ವೃದ್ಧ ಬಹರೈನಿ ತಾಯಿಯೊಬ್ಬರನ್ನು ಆ ಮಂದ ಬೆಳಕಿನಲ್ಲೇ ಕೈಹಿಡಿದು ಇಳಿಸಿದೆವು.

ಆ ದಿನ ಹೆದರಿದ್ದೆವು ನಿಜ. ಪಾಠ ಮಾತ್ರ ಕಲಿಯಲಿಲ್ಲ. ಮುಂದಿನ ವಾರ ಒಂದು ಡಜನ್ ಅಲ್ಕಲೈನ್ ಶೆಲ್ಲು ತಂದು ಖಾನೆಗೆ ಹಾಕಿ, ಕರ್ತವ್ಯ ಮುಗಿಯಿತೆಂದು ಭಾವಿಸಿದೆವು. ಆ ಹೆದರಿಕೆಯ ನೆನಪಿನಿಂದಲೇ 2008ರ ರಜೆಯಲ್ಲಿ ಊರಿಗೆ ಹೋದಾಗ ಮಾವನವರಿಗೆ ಒಂದು ಹೊಳೆಯುವ ಎಲ್‌ಇಡಿ ಟಾರ್ಚನ್ನು ಕೊಂಡುಹೋದೆವು.

ಹಟ್ಟಿಯ ದಾರಿ

ಕಾರ್ಕಳ ತಾಲೂಕಿನ ಒಳಭಾಗದಲ್ಲಿ, ಅಡಿಕೆ ತೋಟದ ನಡುವೆ ನಮ್ಮ ಮನೆ. ಅತ್ತೆ, ಮಾವ ಇಬ್ಬರೇ ಇದ್ದರು. ಮಾವನವರಿಗೆ 2005ರಲ್ಲಿ ಎದೆಯೊಳಗೆ ಪೇಸ್‌ಮೇಕರ್ ಅಳವಡಿಸಿದ್ದರು. ಆದರೂ ರಾತ್ರಿ ಒಮ್ಮೆ ಹಟ್ಟಿಗೆ ಹೋಗಿ ದನಗಳನ್ನು ನೋಡಿ ಬಾರದೆ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ. ನಾವು ಕೊಟ್ಟ ಟಾರ್ಚನ್ನು ‘ಬಹರೈನಿನ ಬ್ಯಾಟರಿ’ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರಂತೆ.

2009ರ ಜುಲೈಯಲ್ಲಿ ಒಂದು ಶುಕ್ರವಾರ ಎಂದಿನಂತೆ ಫೋನು ಮಾಡಿದಾಗ ಮಾತಿನ ನಡುವೆ ಅವರು ಹೇಳಿದರು: “ನಿಮ್ಮ ಬ್ಯಾಟರಿ ಈಗ ಹೊತ್ತುವುದಿಲ್ಲ ಮಾರಾಯ್ತಿ. ಶೆಲ್ಲು ಒಳಗೇ ಕಚ್ಚಿಕೊಂಡಿದೆ, ಹೊರಗೆ ಬರುವುದಿಲ್ಲ.”

ನಾನು ಒಗ್ಗರಣೆಗೆ ಇಟ್ಟವಳು, ಅವಸರದಲ್ಲಿ ಹೇಳಿದೆ: “ಇರಲಿ ಮಾವ, ಆಗಸ್ಟಿನಲ್ಲಿ ನಾವು ಬರುತ್ತೇವಲ್ಲ, ಬಂದಾಗ ನೋಡೋಣ.”

ಪರದೇಶದಲ್ಲಿರುವ ನಮ್ಮಂಥವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತು ಇದು. ಸೋರುವ ಮಾಡು, ಅಮ್ಮನ ಕಣ್ಣಿನ ಪೊರೆ, ಅಪ್ಪನ ಹಲ್ಲು, ಗೇಟಿನ ಮುರಿದ ಚಿಲಕ, ಎಲ್ಲಕ್ಕೂ ನಮ್ಮಲ್ಲಿ ಒಂದೇ ಉತ್ತರ ಸಿದ್ಧವಿರುತ್ತದೆ.

ಐದು ದಿನಗಳ ಬಳಿಕ ನಡುರಾತ್ರಿ ಹನ್ನೆರಡೂವರೆಗೆ ಇಲ್ಲಿ ಫೋನು ಬಡಿಯಿತು. ಊರಿನಲ್ಲಿ ಆಗ ಮೂರು ಗಂಟೆ. ಗಾಳಿಮಳೆಗೆ ಕರೆಂಟು ಹೋಗಿತ್ತು. ಹಟ್ಟಿಯಲ್ಲಿ ಕರು ಕೂಗಿತೆಂದು ಮಾವನವರು ಬೆಳಕಿಲ್ಲದೆಯೇ ಹೊರಟಿದ್ದರು. ಪಾಚಿಗಟ್ಟಿದ ಮೆಟ್ಟಿಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಅತ್ತೆಯವರು ಲಾಟೀನು ಹಚ್ಚಿ ಹುಡುಕಿಕೊಂಡು ಹೋಗುವಷ್ಟರಲ್ಲಿ ಅರ್ಧ ಗಂಟೆ ಅವರು ಮಳೆಯಲ್ಲಿಯೇ ಬಿದ್ದಿದ್ದರು.

ಶಸ್ತ್ರಚಿಕಿತ್ಸೆಯಾಯಿತು. ಅವರು ಇನ್ನೂ ಮೂರು ವರ್ಷ ನಮ್ಮೊಡನಿದ್ದರು. ಆದರೆ ತೋಟಕ್ಕೆ ಮತ್ತೆ ಇಳಿಯಲಿಲ್ಲ. ಜಗಲಿಯ ಕುರ್ಚಿಯಲ್ಲಿ ಕುಳಿತು ಅಡಿಕೆ ಮರಗಳ ತುದಿಯನ್ನು ನೋಡುತ್ತಿದ್ದರು. ನಮ್ಮನ್ನು ಒಂದು ಮಾತು ಆಡಲಿಲ್ಲ. ಆಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಊರಿಗೆ ಹೋದ ನನ್ನವರು ಆ ಟಾರ್ಚನ್ನು ಇಕ್ಕಳ ಹಾಕಿ ಬಿಚ್ಚಿದರು. ಒಳಗೆ ಎರಡು ಶೆಲ್ಲುಗಳು ಬಿಳಿಯ ಹುಡಿಯಲ್ಲಿ ಹೂತುಹೋಗಿದ್ದವು. ಒಂದು ನಾವು ಹಾಕಿಕೊಟ್ಟದ್ದು, ಇನ್ನೊಂದು ಪೇಟೆಯಿಂದ ತಂದದ್ದು. ಮಿತವ್ಯಯಿಗಳಾದ ಮಾವನವರು ಎರಡನ್ನೂ ಎಸೆಯಲು ಮನಸ್ಸಾಗದೆ ಒಂದನ್ನಷ್ಟೇ ಬದಲಿಸಿದ್ದರು. ಹಾಗೆ ಮಾಡಬಾರದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದ ನಮಗೇ ತಿಳಿದಿರಲಿಲ್ಲ.

ಬೂದಿಯ ಸಾರ

ಆ ಬಿಳಿಯ ಹುಡಿ ಏನು ಎಂಬ ಪ್ರಶ್ನೆಯಿಂದ ನನ್ನ ಓದು ಆರಂಭವಾಯಿತು. ವಿಜ್ಞಾನದ ಗಂಧವಿಲ್ಲದ ನನಗೆ ಮೊದಲು ಕೈಗೆ ಸಿಕ್ಕಿದ ಎಳೆ ಭಾಷೆಯದೇ. ‘ಅಲ್ಕಲಿ’ ಎಂಬ ಪದ ಅರಬ್ಬೀ ಭಾಷೆಯ ‘ಅಲ್-ಕಲಿ’ ಎಂಬುದರಿಂದ ಬಂದದ್ದು; ಉಪ್ಪುನೆಲದ ಗಿಡಗಳನ್ನು ಸುಟ್ಟು ಪಡೆದ ಬೂದಿ ಎಂದು ಅದರ ಅರ್ಥ. ನಾವು ಕನ್ನಡದಲ್ಲಿ ಕ್ಷಾರವೆನ್ನುವುದು ಅದನ್ನೇ. ಅಲ್ಕಲೈನ್ ಶೆಲ್ಲಿನ ನಡುವೆ ಸತುವಿನ ಪುಡಿ, ಸುತ್ತ ಮ್ಯಾಂಗನೀಸ್ ಡೈ ಆಕ್ಸೈಡ್, ಇವೆರಡರ ಸಂಪರ್ಕಕ್ಕೆ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ತೀಕ್ಷ್ಣವಾದ ಕ್ಷಾರದ್ರವ ಇರುತ್ತದೆ. ಶೆಲ್ಲು ಪೂರ್ತಿ ಬರಿದಾದ ಮೇಲೂ ಸಾಧನದಲ್ಲೇ ಉಳಿದರೆ ಒಳಗೆ ಜಲಜನಕ ಅನಿಲ ಹುಟ್ಟಿ ಒತ್ತಡ ಏರುತ್ತದೆ. ಮುದ್ರೆ ಸಡಿಲಿ ದ್ರವ ಹೊರಗೆ ಜಿನುಗುತ್ತದೆ. ಅದು ಗಾಳಿಯ ಇಂಗಾಲದ ಡೈ ಆಕ್ಸೈಡನ್ನು ಹೀರಿ ಬಿಳಿಯ ಹರಳಾಗುತ್ತದೆ. ಈ ಹರಳು ಪೊಟ್ಯಾಸಿಯಂ ಕಾರ್ಬೊನೇಟ್. ನಮ್ಮ ಅಜ್ಜಿಯಂದಿರು ಪಾತ್ರೆ ತಿಕ್ಕುತ್ತಿದ್ದ ಒಲೆಯ ಬೂದಿಯ ಸಾರವೂ ಅದೇ!

ಹೊಸ ಶೆಲ್ಲಿನೊಡನೆ ಹಳೆಯದನ್ನು ಸೇರಿಸಿದಾಗ ಅಪಾಯ ಹೆಚ್ಚು. ಬಲವುಳ್ಳ ಶೆಲ್ಲು, ಮೊದಲೇ ಬರಿದಾದ ಶೆಲ್ಲಿನ ಮೂಲಕ ವಿದ್ಯುತ್ತನ್ನು ಬಲವಂತವಾಗಿ ಹರಿಸುತ್ತದೆ. ದುರ್ಬಲವಾದದ್ದು ತಿರುಗುಮುರುಗಾಗಿ ಸೋರತೊಡಗುತ್ತದೆ. ಎಲ್‌ಇಡಿ ದೀಪವಾದರೋ ಶೆಲ್ಲು ಬಹುಪಾಲು ಬರಿದಾದರೂ ಮಿಣುಕುತ್ತಲೇ ಇರುವುದರಿಂದ ಎಚ್ಚರಿಕೆಯೇ ಸಿಗುವುದಿಲ್ಲ. ಮಾವನವರ ಟಾರ್ಚಿನಲ್ಲಿ ಆದದ್ದು ಇದೇ.

ಅಲ್ಕಲೈನ್ ಶೆಲ್ಲನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಅದು ಬರುವ ಮೊದಲು ನಾವು ಬಳಸುತ್ತಿದ್ದ ಸತು-ಇಂಗಾಲದ ಶೆಲ್ಲಿನಲ್ಲಿ ಹೊರಗಿನ ಸತುವಿನ ಡಬ್ಬಿಯೇ ಕರಗಿ ವಿದ್ಯುತ್ತಾಗುತ್ತಿತ್ತು. ಡಬ್ಬಿ ತೂತಾದಾಗ ಸೋರುತ್ತಿತ್ತು. ಮಂಕಾದ ಶೆಲ್ಲನ್ನು ಬಾಲ್ಯದಲ್ಲಿ ನಾವು ಅಂಗಳದ ಬಿಸಿಲಿನಲ್ಲಿ ಹಪ್ಪಳದ ಪಕ್ಕ ಒಣಗಲು ಇಡುತ್ತಿದ್ದುದು ನಿಮಗೂ ನೆನಪಿರಬಹುದು. ಬಿಸಿಯಾದಾಗ ಒಳಗಿನ ರಾಸಾಯನಿಕ ಕ್ರಿಯೆ ತುಸು ಚುರುಕಾಗಿ ರೇಡಿಯೋ ಇನ್ನೊಂದು ವಾರ್ತೆಯನ್ನು ಓದುತ್ತಿತ್ತು, ಅಷ್ಟೆ. ಈ ಕೊರತೆಯನ್ನು ನೀಗಿಸಿದವರು ಕೆನಡಾ ಮೂಲದ ರಸಾಯನ ವಿಜ್ಞಾನಿ ಲೂಯಿಸ್ ಅರಿ. ಅಮೆರಿಕದ ಒಹಾಯೋ ರಾಜ್ಯದಲ್ಲಿದ್ದ ಎವರೆಡಿ ಸಂಸ್ಥೆಯ ಪ್ರಯೋಗಾಲಯದಲ್ಲಿ 1950ರ ದಶಕದ ಕೊನೆಗೆ ಅವರು ಸತುವನ್ನು ಪುಡಿಯ ರೂಪದಲ್ಲಿ ಬಳಸಿ ಚಿಕ್ಕ ಅಲ್ಕಲೈನ್ ಶೆಲ್ಲನ್ನು ರೂಪಿಸಿದರು. ಮೇಲಧಿಕಾರಿಗಳನ್ನು ಒಪ್ಪಿಸಲು ಎರಡು ಆಟಿಕೆ ಕಾರುಗಳಲ್ಲಿ ಹಳೆಯ ಮತ್ತು ಹೊಸ ಶೆಲ್ಲುಗಳನ್ನು ಹಾಕಿ ಊಟದ ಕೋಣೆಯಲ್ಲಿ ಓಡಿಸಿ ತೋರಿಸಿದರಂತೆ. ಹಳೆಯದು ನಿಂತಿತು, ಹೊಸದು ಓಡುತ್ತಲೇ ಇತ್ತು. 2004ರಲ್ಲಿ ತೀರಿಕೊಂಡ ಅವರು, ಮುಂದೆ ಲಿಥಿಯಂ ಶೆಲ್ಲಿನ ಬೆಳವಣಿಗೆಯಲ್ಲೂ ಕೈಜೋಡಿಸಿದ್ದರು.

ಕಲ್ಲಿನಿಂದ ಬಂದ ಲೋಹ

ಲಿಥಿಯಂ ಎಂದರೆ ಗ್ರೀಕ್ ಭಾಷೆಯಲ್ಲಿ ಕಲ್ಲಿಗೆ ಸಂಬಂಧಿಸಿದ್ದು. 1817ರಲ್ಲಿ ಸ್ವೀಡನ್ನಿನ ಆರ್ಫ್‌ವೆಡ್‌ಸನ್ ಎಂಬ ವಿಜ್ಞಾನಿ ಅದನ್ನು ಒಂದು ಖನಿಜಶಿಲೆಯಲ್ಲಿ ಗುರುತಿಸಿದರು. ಲೋಹಗಳಲ್ಲೆಲ್ಲ ಇದು ಅತ್ಯಂತ ಹಗುರ. ನಮ್ಮ ಕರ್ನಾಟಕದ ಮಂಡ್ಯ ಜಿಲ್ಲೆಯ ಮರ್ಲಗಲ್ಲ ಪ್ರದೇಶದಲ್ಲಿ ಸುಮಾರು 1,600 ಟನ್ ಲಿಥಿಯಂ ನಿಕ್ಷೇಪವಿದೆಯೆಂದು ಅಣುಶಕ್ತಿ ಇಲಾಖೆಯ ಅನ್ವೇಷಣೆ 2021ರಲ್ಲಿ ತಿಳಿಸಿತು. ಜಾಗತಿಕ ಲೆಕ್ಕದಲ್ಲಿ ಅದು ಅಲ್ಪವೇ ಇರಬಹುದು. ಆದರೂ ಕಾವೇರಿಯ ಸೀಮೆಯ ಕಲ್ಲಿನಲ್ಲಿಯೂ ಈ ಲೋಹವಿದೆ ಎಂದು ಓದಿದಾಗ ಸಂತೋಷವೆನಿಸಿತು.

ಅಂಗಡಿಯಲ್ಲಿ ಅಲ್ಕಲೈನಿನ ಪಕ್ಕದಲ್ಲಿಯೇ ಅದೇ ಗಾತ್ರದಲ್ಲಿ ದೊರೆಯುವ 1.5 ವೋಲ್ಟಿನ ಲಿಥಿಯಂ ಶೆಲ್ಲಿನಲ್ಲಿ ಲಿಥಿಯಂ ಹಾಳೆಯೊಡನೆ ಕಬ್ಬಿಣದ ಡೈಸಲ್ಫೈಡ್ ಇರುತ್ತದೆ. ಪ್ರಕೃತಿಯಲ್ಲಿ ಇದೇ ಪದಾರ್ಥ ಚಿನ್ನದಂತೆ ಹೊಳೆದು ಮೋಸಗೊಳಿಸುವ ಪೈರೈಟ್ ಎಂಬ ಖನಿಜ. ಈ ಶೆಲ್ಲಿನೊಳಗೆ ನೀರಿಲ್ಲ, ಕ್ಷಾರವೂ ಇಲ್ಲ. ಆದಕಾರಣ ಸೋರುವ ಸಂಭವ ಅತ್ಯಲ್ಪ. ಡಬಲ್ ಎ ಗಾತ್ರದ ಅಲ್ಕಲೈನ್ ಶೆಲ್ಲು ಸುಮಾರು 23 ಗ್ರಾಂ ತೂಗಿದರೆ ಲಿಥಿಯಂ ಸುಮಾರು 15 ಗ್ರಾಂ. ಬಳಸದೆ ಇಟ್ಟರೆ ಅಲ್ಕಲೈನ್ ಹತ್ತು ವರ್ಷ, ಲಿಥಿಯಂ ಇಪ್ಪತ್ತು ವರ್ಷ ಬಾಳುತ್ತದೆಂದು ತಯಾರಕರು ಹೇಳುತ್ತಾರೆ. ಅಲ್ಕಲೈನ್ ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿನವರೆಗೆ ತಡೆದರೆ ಲಿಥಿಯಂ 40 ಡಿಗ್ರಿ ಕೆಳಗಿನವರೆಗೂ ಕೆಲಸ ಮಾಡುತ್ತದೆ. ಹಿಮದ ನಾಡುಗಳಿಂದ ಬಂದಿರುವ ಪ್ರತಿನಿಧಿಗಳಿಗೆ ಇದು ಮುಖ್ಯ.

ನಮ್ಮ ಕೊಲ್ಲಿಯ ಕಷ್ಟ ಚಳಿಯದಲ್ಲ, ಸೆಕೆಯದು. ಸುಮಾರು 20 ಡಿಗ್ರಿಯ ಕೋಣೆಯಲ್ಲಿ ಅಲ್ಕಲೈನ್ ಶೆಲ್ಲು ಸುಮ್ಮನೆ ಕುಳಿತರೆ ವರ್ಷಕ್ಕೆ ನೂರಕ್ಕೆ ಎರಡು ಮೂರು ಪಾಲಿನಷ್ಟು ಕಸುವನ್ನು ಕಳೆದುಕೊಳ್ಳುತ್ತದೆ. ಸೆಕೆ ಏರಿದಂತೆ ಆ ನಷ್ಟವೂ, ಸೋರುವ ಭಯವೂ ಏರುತ್ತವೆ. ಬೇಸಿಗೆ ರಜೆಗೆಂದು ತಂಪುಯಂತ್ರ ಆರಿಸಿ, ಕಿಟಕಿ ಮುಚ್ಚಿ ಎರಡು ತಿಂಗಳು ಊರಿಗೆ ಹೋಗುವ ನಮ್ಮ ಫ್ಲ್ಯಾಟುಗಳೊಳಗೆ ಈ ಶೆಲ್ಲುಗಳು ಬೇಯುತ್ತಿರುತ್ತವೆ. ಬಿಸಿಲಲ್ಲಿ ನಿಂತ ಕಾರಿನ ಮುಂಭಾಗದ ಉಷ್ಣತೆಯಂತೂ 60 ಡಿಗ್ರಿಯನ್ನೂ ಮೀರುತ್ತದೆ. ಅಲ್ಲಿ ಯಾವ ಜಾತಿಯ ಶೆಲ್ಲನ್ನೂ ಇಡಬಾರದು. ಹಾಗೆಂದು ಕೆಲವರು ಮಾಡುವಂತೆ ಫ್ರಿಜ್ಜಿನಲ್ಲಿಯೂ ಇಡಬೇಕಾಗಿಲ್ಲ. ಹೊರತೆಗೆದಾಗ ಕೂಡುವ ನೀರ ಹನಿ ಹಾನಿಯನ್ನೇ ಮಾಡೀತು. ತಣ್ಣನೆಯ ಒಣ ಕಪಾಟು ಸಾಕು.

ಎಲ್ಲಕ್ಕೂ ಒಂದೇ ಮದ್ದಲ್ಲ

ಇಷ್ಟನ್ನು ಓದಿದ ಹುರುಪಿನಲ್ಲಿ ನಾನು ಮನೆಯ ಶೆಲ್ಲುಗಳನ್ನೆಲ್ಲ ಲಿಥಿಯಂ ಮಾಡಿಬಿಟ್ಟೆ. ತಿಂಗಳ ಲೆಕ್ಕ ಬರೆದಾಗ ನನ್ನೊಳಗಿನ ಅರ್ಥಶಾಸ್ತ್ರ ಎಚ್ಚೆತ್ತಿತು. ಲಿಥಿಯಂ ಶೆಲ್ಲಿನ ಬೆಲೆ ಮೂರು ನಾಲ್ಕು ಪಟ್ಟು. ಗೋಡೆ ಗಡಿಯಾರದಂತೆ ಕಿಂಚಿತ್ ವಿದ್ಯುತ್ತನ್ನು ಸದಾ ಎಳೆಯುವ ಸಾಧನದಲ್ಲಿ ಅದು ಅಲ್ಕಲೈನಿಗಿಂತ ತುಸು ಹೆಚ್ಚು ಕಾಲ ಬಾಳುತ್ತದೆಯೇ ಹೊರತು ಬೆಲೆಗೆ ತಕ್ಕಷ್ಟಲ್ಲ. ಮಿಂಚುದೀಪದ ಕ್ಯಾಮೆರಾದಂತೆ ಒಮ್ಮೆಗೇ ಹೆಚ್ಚು ವಿದ್ಯುತ್ತನ್ನು ಸೆಳೆಯುವ ಸಾಧನಗಳಲ್ಲಿ ಮಾತ್ರ ಅದು ಅಲ್ಕಲೈನನ್ನು ಬಹಳ ಹಿಂದೆ ಹಾಕುತ್ತದೆ. ಹಲವು ವರ್ಷಗಳ ಅನುಭವದಿಂದ ನಮ್ಮ ಮನೆಯಲ್ಲಿ ನೆಲೆನಿಂತ ಪದ್ಧತಿ ಹೀಗಿದೆ:

ಗಡಿಯಾರ, ಟಿ.ವಿ. ಮತ್ತು ಎ.ಸಿ. ರಿಮೋಟು: ಅಲ್ಕಲೈನ್ ಸಾಕು. ರಜೆಗೆ ಹೊರಡುವ ದಿನ ಹೊರತೆಗೆದಿಡಬೇಕು.

ಮಕ್ಕಳ ಆಟಿಕೆ: ಮರಳಿ ಚಾರ್ಜು ಮಾಡುವ ನಿಕ್ಕಲ್ ಮೆಟಲ್ ಹೈಡ್ರೈಡ್ ಶೆಲ್ಲು. ಇದರ ವೋಲ್ಟೇಜು 1.2 ಆದರೂ ಹೆಚ್ಚಿನ ಆಟಿಕೆಗಳಿಗೆ ತೊಂದರೆಯಿಲ್ಲ.

ತುರ್ತಿನ ಟಾರ್ಚು, ಹಟ್ಟಿಗೂ ಬಚ್ಚಲಿಗೂ ಹೋಗುವ ದಾರಿಯ ದೀಪ, ವರ್ಷವಿಡೀ ಸುಮ್ಮನಿದ್ದು ಒಂದು ದಿನ ತಪ್ಪದೆ ಬೆಳಗಬೇಕಾದ ಯಾವುದೇ ಸಾಧನ: ಕೈಪಿಡಿ ಒಪ್ಪುವುದಾದರೆ ಲಿಥಿಯಂ. ಇಲ್ಲಿ ದುಬಾರಿಯೆಂದು ಹಿಂಜರಿಯಬಾರದು.

ಹಾಗಾದರೆ ರಕ್ತದೊತ್ತಡ ಅಳೆಯುವ ಯಂತ್ರ? ಇಲ್ಲೊಂದು ಸೂಕ್ಷ್ಮವಿದೆ. ಅಲ್ಕಲೈನ್ ಶೆಲ್ಲಿನ ಬಲ ನಿಧಾನವಾಗಿ ಇಳಿಯುತ್ತದೆ. ಅದನ್ನು ಅಳೆದೇ ಸಾಧನಗಳು ‘ಬ್ಯಾಟರಿ ಕಡಿಮೆಯಾಗಿದೆ’ ಎಂದು ಮುನ್ಸೂಚನೆ ಕೊಡುತ್ತವೆ. ಲಿಥಿಯಂ ಶೆಲ್ಲು ಕೊನೆಯವರೆಗೂ ಒಂದೇ ಸಮನಾಗಿದ್ದು ಥಟ್ಟನೆ ಕುಸಿಯುತ್ತದೆ. ಮುನ್ಸೂಚನೆ ಬರುವಷ್ಟರಲ್ಲಿ ಕಾಲ ಮಿಂಚಿರುತ್ತದೆ. ಅಮೆರಿಕದಲ್ಲಿರುವ ನಮ್ಮ ಮಗಳ ಮನೆಯ ಬಾಗಿಲಿಗೆ ಅಂಕಿ ಒತ್ತಿ ತೆರೆಯುವ ಬೀಗವಿದೆ. ಅದರ ಕೈಪಿಡಿಯಲ್ಲಿ ಲಿಥಿಯಂ ಹಾಕಬೇಡಿರೆಂದು ಸ್ಪಷ್ಟವಾಗಿ ಬರೆದಿದ್ದಾರೆ, ಕಾರಣ ಇದೇ. ಹೊಗೆ ಸೂಚಕ ಯಂತ್ರಕ್ಕೂ ಅದರ ಮೇಲೆ ನಮೂದಿಸಿದ ಜಾತಿಯ ಶೆಲ್ಲನ್ನೇ ಹಾಕಬೇಕು. ಹತ್ತು ವರ್ಷ ಬಾಳುವ, ಬಿಚ್ಚಲಾಗದ ಬ್ಯಾಟರಿಯುಳ್ಳ ಹೊಗೆ ಸೂಚಕಗಳು ಈಗ ಬಂದಿವೆ. ನ್ಯೂಯಾರ್ಕ್ ರಾಜ್ಯದಲ್ಲಿ 2019ರಿಂದ ಅಂಥದನ್ನು, ಇಲ್ಲವೇ ಮನೆಯ ವಿದ್ಯುತ್ತಿಗೆ ಜೋಡಿಸುವಂಥದನ್ನು ಮಾತ್ರ ಮಾರಬೇಕೆಂಬ ಕಾನೂನಿದೆ. ಆದ್ದರಿಂದ ಶೆಲ್ಲು ಬದಲಿಸುವ ಮುನ್ನ ಕೈಪಿಡಿಯನ್ನು ಓದಿ. ಅತ್ತೆಯವರ ರಕ್ತದೊತ್ತಡದ ಯಂತ್ರಕ್ಕೆ ಕೈಪಿಡಿ ಹೇಳಿದಂತೆ ಅಲ್ಕಲೈನನ್ನೇ ಹಾಕುತ್ತೇವೆ. ಆದರೆ ಬರಿದಾಗಲಿ ಬಿಡಲಿ, ವರ್ಷಕ್ಕೊಮ್ಮೆ ನಾಲ್ಕನ್ನೂ ಒಟ್ಟಿಗೆ ಬದಲಿಸುತ್ತೇವೆ.

ಜಾತಿ ಯಾವುದೇ ಇರಲಿ, ಒಂದು ನಿಯಮಕ್ಕೆ ವಿನಾಯಿತಿಯಿಲ್ಲ. ಹಳತು ಹೊಸತು ಬೆರೆಸಬಾರದು. ಎರಡು ಕಂಪೆನಿಯದನ್ನು, ಎರಡು ಜಾತಿಯದನ್ನು ಬೆರೆಸಬಾರದು. ಚಾರ್ಜು ಮಾಡಲು ಬಾರದ ಶೆಲ್ಲನ್ನು ಚಾರ್ಜು ಮಾಡಬಾರದು. ಸೋರಿದ ಅಲ್ಕಲೈನ್ ಶೆಲ್ಲು ಕಂಡರೆ ಕೈಚೀಲ ಧರಿಸಿ ಹೊರತೆಗೆದು, ಹತ್ತಿಯನ್ನು ವಿನೆಗರಿನಲ್ಲೋ ನಿಂಬೆರಸದಲ್ಲೋ ತುಸುವೇ ಅದ್ದಿ ಒರೆಸಿ, ಚೆನ್ನಾಗಿ ಒಣಗಿಸಿ. ಕ್ಷಾರಕ್ಕೆ ಹುಳಿಯೇ ಮದ್ದು. ಕಣ್ಣಿಗೆ ತಾಗದಂತೆ ಎಚ್ಚರವಿರಲಿ.

ಹೆಸರೊಂದು, ಕುಲ ಹಲವು

ಲಿಥಿಯಂ ಎಂಬ ಒಂದೇ ಹೆಸರಿನಡಿಯಲ್ಲಿ ಹಲವು ವಿಧದ ಶೆಲ್ಲುಗಳಿವೆ. ನಾನು ಇದುವರೆಗೆ ಹೇಳಿದ್ದು ಒಮ್ಮೆ ಬಳಸಿ ಬಿಡುವ 1.5 ವೋಲ್ಟಿನದು. ಮೊಬೈಲಿನಲ್ಲಿಯೂ ಪವರ್ ಬ್ಯಾಂಕಿನಲ್ಲಿಯೂ ಇರುವುದು ಚಾರ್ಜು ಮಾಡಬಲ್ಲ ಲಿಥಿಯಂ ಅಯಾನ್. 1991ರಲ್ಲಿ ಸೋನಿ ಸಂಸ್ಥೆ ಅದನ್ನು ಮಾರುಕಟ್ಟೆಗೆ ತಂದಿತು. ಅದಕ್ಕೆ ಅಡಿಪಾಯ ಹಾಕಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಅವರಿಗೆ 2019ರ ನೊಬೆಲ್ ಪಾರಿತೋಷಕ ಬಂದಾಗ ಗುಡ್‌ಇನಫ್ ಅವರಿಗೆ 97 ವರ್ಷ. ಡಬಲ್ ಎ ಶೆಲ್ಲಿನಂತೆಯೇ ಕಾಣುವ, ಆದರೆ 3.7 ವೋಲ್ಟಿನ 14500 ಎಂಬ ಅಂಕಿಯ ಲಿಥಿಯಂ ಅಯಾನ್ ಶೆಲ್ಲೂ ಉಂಟು. ಅದನ್ನು 1.5 ವೋಲ್ಟಿನ ಸಾಧನಕ್ಕೆ ಹಾಕಿದರೆ ಸಾಧನ ಸುಟ್ಟುಹೋದೀತು. ಕೊಳ್ಳುವಾಗ ಗಾತ್ರದೊಡನೆ ವೋಲ್ಟಿನ ಅಂಕಿಯನ್ನೂ ನೋಡಿ.

ವಿಮಾನದಲ್ಲಿ ಬಂದಿರುವ, ವಿಮಾನದಲ್ಲಿಯೇ ಮರಳುವ ನಮಗೆಲ್ಲ ಇನ್ನೊಂದು ಮಾತು. ಬಿಡಿ ಲಿಥಿಯಂ ಶೆಲ್ಲುಗಳನ್ನೂ ಪವರ್ ಬ್ಯಾಂಕನ್ನೂ ದೊಡ್ಡ ಪೆಟ್ಟಿಗೆಗೆ ಹಾಕಿ ಕೊಡುವಂತಿಲ್ಲ, ಕೈಚೀಲದಲ್ಲಿಯೇ ಒಯ್ಯಬೇಕು. 100 ವ್ಯಾಟ್-ಗಂಟೆಯವರೆಗಿನ ಪವರ್ ಬ್ಯಾಂಕಿಗೆ ಸಾಮಾನ್ಯವಾಗಿ ಒಪ್ಪಿಗೆಯುಂಟು. 20,000 ಮಿಲಿ ಆಂಪಿಯರ್-ಗಂಟೆಯದು ಸುಮಾರು 74 ವ್ಯಾಟ್-ಗಂಟೆಯಾಗುತ್ತದೆ. ಬಿಡಿ ಶೆಲ್ಲುಗಳ ತುದಿಗಳು ನಾಣ್ಯಕ್ಕೋ ಕೀಲಿಕೈಗೋ ತಗಲದಂತೆ ಅವುಗಳ ಪೊಟ್ಟಣದಲ್ಲಿಯೇ ಇಡಿ.

ಮನೆಯಲ್ಲಿ ಮೊಮ್ಮಕ್ಕಳಿರುವವರು ದಯವಿಟ್ಟು ಈ ಮುಂದಿನ ಸಾಲುಗಳನ್ನು ಎರಡು ಸಲ ಓದಿ. ಕಾರಿನ ಕೀಲಿ, ಚಿಕ್ಕ ರಿಮೋಟು, ತೂಕದ ಯಂತ್ರಗಳಲ್ಲಿರುವ ಸಿಆರ್ 2032 ಎಂಬ ನಾಣ್ಯದಂಥ 3 ವೋಲ್ಟಿನ ಲಿಥಿಯಂ ಶೆಲ್ಲನ್ನು ಮಗು ನುಂಗಿದರೆ, ಅದು ಅನ್ನನಾಳದಲ್ಲಿ ಸಿಕ್ಕಿಕೊಂಡು, ಅಲ್ಲಿನ ತೇವದಲ್ಲಿ ವಿದ್ಯುತ್ತು ಹರಿದು, ಎರಡೇ ಗಂಟೆಗಳಲ್ಲಿ ತೀವ್ರವಾದ ಸುಟ್ಟಗಾಯ ಮಾಡಬಲ್ಲದು. ಬರಿದಾಯಿತೆಂದು ತೆಗೆದಿಟ್ಟದ್ದೂ ಅಪಾಯಕಾರಿಯೇ. ನುಂಗಿರಬಹುದೆಂಬ ಸಂಶಯ ಬಂದೊಡನೆ ಆಸ್ಪತ್ರೆಗೆ ಧಾವಿಸಬೇಕು, ವಾಂತಿ ಮಾಡಿಸಬಾರದು. ಬಹರೈನಿನಲ್ಲಿ 999, ಭಾರತದಲ್ಲಿ 112, ಅಮೆರಿಕದಲ್ಲಿ 911 ತುರ್ತು ಸಂಖ್ಯೆಗಳು. ಮಗುವಿಗೆ ಒಂದು ವರ್ಷ ದಾಟಿದ್ದು, ನುಂಗಿ 12 ಗಂಟೆ ಕಳೆದಿರದೆ, ಗುಟುಕರಿಸಲು ಆಗುವುದಾದರೆ, ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಚಹಾ ಚಮಚ ಜೇನುತುಪ್ಪವನ್ನು ಆರು ಸಲ ಮೀರದಂತೆ ಕೊಡಬಹುದೆಂದು ಅಮೆರಿಕದ ವಿಷಚಿಕಿತ್ಸಾ ತಜ್ಞರು ಸೂಚಿಸಿದ್ದಾರೆ. ಆದರೆ ಜೇನಿಗಾಗಿ ಒಂದು ಕ್ಷಣವನ್ನೂ ವ್ಯರ್ಥ ಮಾಡಬಾರದು. ಇಂಥ ಶೆಲ್ಲಿನ ಮುಚ್ಚಳವನ್ನು ಮಕ್ಕಳು ತೆರೆಯಲಾಗದಂತೆ ಮಾಡಬೇಕೆಂದು 2022ರಲ್ಲಿ ಅಮೆರಿಕದಲ್ಲಿ ಕಾನೂನೇ ಬಂದಿದೆ. ನಮ್ಮ ಮನೆಯಲ್ಲಿ ಹಳೆಯ ನಾಣ್ಯಶೆಲ್ಲಿಗೆ ಎರಡೂ ಕಡೆ ಅಂಟುಪಟ್ಟಿ ಸುತ್ತಿ, ಕೈಗೆಟುಕದ ಡಬ್ಬಿಯಲ್ಲಿ ಹಾಕುತ್ತೇನೆ. ಊರಿನಲ್ಲಿಯೂ ಹಳೆಯ ಶೆಲ್ಲನ್ನು ಬಚ್ಚಲ ಒಲೆಗೆ ಎಸೆಯುವ ಅಭ್ಯಾಸ ನಿಲ್ಲಬೇಕು. ಭಾರತದ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಅವುಗಳನ್ನು ಹಿಂಪಡೆಯುವ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸಿವೆ.

ಎರಡು ದೀಪಗಳು

ಮಾವನವರ ಕೊನೆಯ ವರ್ಷಗಳಲ್ಲಿ ಒಮ್ಮೆ ತಪಾಸಣೆಗೆ ಕರೆದುಕೊಂಡು ಹೋದಾಗ, ಪೇಸ್‌ಮೇಕರಿನ ಶೆಲ್ಲು ಹೇಗಿದೆಯೆಂದು ವೈದ್ಯರನ್ನು ಕೇಳಿದೆ. “ಚೆನ್ನಾಗಿದೆಯಮ್ಮ, ಲಿಥಿಯಂ. ಇನ್ನೂ ಕೆಲವು ವರ್ಷಕ್ಕೆ ಚಿಂತೆಯಿಲ್ಲ” ಎಂದರು. ಲಿಥಿಯಂ-ಅಯೋಡಿನ್ ಶೆಲ್ಲಿನ ಪೇಸ್‌ಮೇಕರನ್ನು ಮನುಷ್ಯನ ದೇಹದಲ್ಲಿ ಮೊದಲು ಅಳವಡಿಸಿದ್ದು 1972ರಲ್ಲಿ, ಇಟಲಿಯ ಫೆರಾರಾ ನಗರದಲ್ಲಿ. ಅದಕ್ಕೆ ಮುಂಚಿನ ಪಾದರಸದ ಶೆಲ್ಲುಗಳು ಎರಡು ವರ್ಷಕ್ಕೇ ಬರಿದಾಗುತ್ತಿದ್ದವು. ಪ್ರತಿ ಸಲ ಎದೆಯನ್ನು ಮತ್ತೆ ಕೊಯ್ಯಬೇಕಾಗುತ್ತಿತ್ತು. ಎದೆಯೊಳಗಿನ ಶೆಲ್ಲಿಗೆ ಅಷ್ಟು ಎಚ್ಚರ ವಹಿಸಿದ ನಾವು ಕೈಯೊಳಗಿನ ಶೆಲ್ಲನ್ನು ಮರೆತೆವಲ್ಲ ಎಂದು ಆ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಯೋಚಿಸಿದೆ.

ಪರದೇಶದ ಮಕ್ಕಳು ಊರಿಗೆ ಏನನ್ನೆಲ್ಲ ಕಳಿಸುವುದಿಲ್ಲ? ರಕ್ತದೊತ್ತಡದ ಯಂತ್ರ, ಸಕ್ಕರೆ ಅಳೆಯುವ ಯಂತ್ರ, ದೊಡ್ಡ ಅಂಕಿಯ ಗಡಿಯಾರ, ಕರೆಗಂಟೆ, ಟಾರ್ಚು. ಪೆಟ್ಟಿಗೆ ಬಿಚ್ಚಿ ತೋರಿಸಿ, ಚಿತ್ರ ತೆಗೆದು, ಮರಳಿ ವಿಮಾನ ಹತ್ತುತ್ತೇವೆ. ಅವುಗಳನ್ನು ನಡೆಸುವ ಎರಡು ಶೆಲ್ಲುಗಳ ನೆನಪು ನಮಗಿರುವುದಿಲ್ಲ. ಎಂಬತ್ತರ ಕೈಗಳಿಗೆ ಆ ಪುಟ್ಟ ಮುಚ್ಚಳ ತೆರೆಯುವುದೂ ಕೂಡದೆಂಬುದು ನಮಗೆ ಹೊಳೆಯುವುದಿಲ್ಲ.

ಈಗ ಪ್ರತಿ ವರ್ಷ ಊರಿಗೆ ಮುಟ್ಟಿದ ಮೊದಲ ಸಂಜೆ, ಕಾಫಿ ಕುಡಿದು ನಾನು ಮಾಡುವ ಕೆಲಸ ಒಂದೇ. ಮನೆಯ ಸಾಧನಗಳನ್ನೆಲ್ಲ ಜಗಲಿಗೆ ತಂದು, ಮುಚ್ಚಳ ತೆರೆದು ನೋಡಿ, ಹಳೆಯ ಶೆಲ್ಲು ತೆಗೆದು, ಹೊಸದು ಹಾಕಿ, ದಿನಾಂಕ ಬರೆದ ಚೀಟಿಯನ್ನು ಹಿಂದೆ ಅಂಟಿಸುತ್ತೇನೆ. ಹಟ್ಟಿಯ ದಾರಿಯ ಟಾರ್ಚಿಗೆ ಲಿಥಿಯಂ. ಅದು ಅತ್ತೆಯವರ ಮಂಚದ ಬಲಗಡೆ ಮೊಳೆಗೆ ತೂಗುತ್ತದೆ. ಪಕ್ಕದ ಮನೆಯ ಹುಡುಗನಿಗೆ ಶೆಲ್ಲು ಬದಲಿಸುವುದನ್ನು ಕಲಿಸಿ, ಒಂದು ಹೊಸ ಪೊಟ್ಟಣವನ್ನು ಅವನ ಕೈಯಲ್ಲಿಯೇ ಕೊಟ್ಟು ಬಂದಿದ್ದೇನೆ. ನಾವು ಬರುವವರೆಗೆ ಕಾಯಬಾರದು ಎಂಬ ಕಟ್ಟಪ್ಪಣೆಯೊಡನೆ.

ಕಳೆದ ಮಳೆಗಾಲದಲ್ಲಿ ಫೋನು ಮಾಡಿದಾಗ ಅತ್ತೆ, ರಾತ್ರಿ ಕರೆಂಟಿರಲಿಲ್ಲ ಎಂದರು. ನನ್ನ ಎದೆ ಒಮ್ಮೆ ಹಾರಿತು. “ಟಾರ್ಚು ಹೊತ್ತಿತೇ ಅತ್ತೆ?” ಎಂದು ಕೇಳಿದೆ.

“ಹೊತ್ತದೆ ಏನು? ನಿನ್ನ ಮಾವನಿದ್ದಿದ್ದರೆ ಕಣ್ಣು ಕುಕ್ಕುತ್ತದೆ ಎಂದು ಬಯ್ಯುತ್ತಿದ್ದರು” ಎಂದು ನಕ್ಕರು.

ಪ್ರತಿನಿಧಿ ಬಂಧುಗಳೇ, ಸಮ್ಮೇಳನದ ಗದ್ದಲ, ಸಂಭ್ರಮಗಳ ನಡುವೆ ಬಿಡುವು ದೊರೆತಾಗ ಊರಿಗೆ ಒಂದು ಫೋನು ಮಾಡಿ. ಟಾರ್ಚು ಹೊತ್ತುತ್ತದೆಯೇ ಎಂದು ಕೇಳಿ. ಇಲ್ಲವೆಂದರೆ, ‘ಬಂದಾಗ ನೋಡೋಣ’ ಎಂದು ಮಾತ್ರ ಹೇಳಬೇಡಿ.